ಖಾಲಿ ಕುರ್ಚಿಯ ಕಥೆ

“ನಾಟಕ ಆಡ್ಬೇಡ, ಸುಮ್ನೆ ಎದ್ದು ಸ್ನಾನ ಮಾಡಿ ಶಾಲೆಗೆ ಹೊರಡು” ಅಂತ ಬೈಸಿಕೊಳ್ಳದೆ ದೊಡ್ಡವರಾದವರು ನಮ್ಮಲ್ಲಿ ಯಾರಾದರೂ ಇದ್ದೀರಾ? ವೇದಿಕೆ ಮೇಲೆ ನಡೆದರೆ ನಾಟಕ ಒಂದು ಕಲೆ. ಅದೇ ಪದ ಕೆಳಗಿಳಿದು ಮನೆಗೋ ಆಫೀಸಿಗೋ ಬಂದರೆ ಅದಕ್ಕಿರುವುದು ಒಂದೇ ಅರ್ಥ, ಸುಳ್ಳು. “ಏನು ನಾಟಕ ಮಾರಾಯ ಅವನದ್ದು!” ಅಂತ ಒಬ್ಬರಲ್ಲ ಒಬ್ಬ ಮ್ಯಾನೇಜರ್ ಬಗ್ಗೆ ನಾವೆಲ್ಲ ಹೇಳಿಯೇ ಇರ್ತೀವಿ :-)

ಇಂಥ ‘ಸುಳ್ಳ’ನ್ನೇ ಬಳಸಿ ಮನುಷ್ಯನ ಬಾಯಿಂದ ಅವನ ಬಗ್ಗೆ ಅವನಿಗೇ ಗೊತ್ತಿಲ್ಲದ ನಿಜ ಹೊರಡಿಸಬಹುದು, ಮನಸ್ಸಿನ ಗಾಯಕ್ಕೆ ಮದ್ದು ಮಾಡಬಹುದು ಅಂತ ಹೊರಟವನೊಬ್ಬನ ಕಥೆ ಇದು. ನಾನು ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡು ಸಾಫ್ಟ್‌ವೇರು. ಮನಶ್ಶಾಸ್ತ್ರದ ಡಿಗ್ರಿ ನನ್ನ ಬಳಿ ಇಲ್ಲ. ಒಂದೆರಡು ವರ್ಷದಿಂದ ಈ ವಿಷಯದ ಓದಿನ ಹುಚ್ಚು ಹತ್ತಿದೆ ಅಷ್ಟೇ. ಯಾಕೆ ಹತ್ತಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಾಟಕ ಮನಸ್ಸಿಗೆ ಔಷಧಿ ಅನ್ನುವ ಮಾತು ಹೊಸದೇನಲ್ಲ. ದುಃಖದಲ್ಲಿರುವವರಿಗೆ, ದುಡಿದು ದಣಿದವರಿಗೆ ನಾಟ್ಯ ವಿಶ್ರಾಂತಿ ಕೊಡುತ್ತದೆ ಅಂತ ಭರತಮುನಿಯ ನಾಟ್ಯಶಾಸ್ತ್ರ ಮೊದಲ ಅಧ್ಯಾಯದಲ್ಲೇ ಹೇಳುತ್ತದೆ. ಅತ್ತ ಗ್ರೀಸಿನ ಅರಿಸ್ಟಾಟಲ್, ದುರಂತ ನಾಟಕ ನೋಡುವುದರಿಂದ ಕರುಣೆ ಮತ್ತು ಭಯ ಎರಡೂ ತೊಳೆದು ಹೋಗುತ್ತವೆ ಅಂದ. ಅದಕ್ಕೆ ಅವನು ಬಳಸಿದ್ದು ‘ಕೆಥಾರ್ಸಿಸ್’ ಎಂಬ ಪದ. ಕನ್ನಡ ವಿಮರ್ಶಕರು ಅದನ್ನು ‘ವಿರೇಚನ’ ಅಂದರು. ಹೌದು, ನಮ್ಮ ಪಂಡಿತರು ಹೊಟ್ಟೆ ಕೆಟ್ಟಾಗ ಕೊಡುತ್ತಿದ್ದ ಬೇಧಿಯ ಔಷಧಿಗೂ ಅದೇ ಹೆಸರು. ಗ್ರೀಕ್ ಭಾಷೆಯಲ್ಲೂ ಅದು ವೈದ್ಯರ ಪದವೇ ಆಗಿತ್ತು!

ಇಬ್ಬರ ಮಾತಲ್ಲೂ ಒಂದು ಸಂಗತಿ ಗಮನಿಸಿ. ಔಷಧಿ ಸಿಗುವುದು ಎದುರು ಕೂತು ನೋಡುವವನಿಗೆ. ಹಾಗಾದರೆ ವೇಷ ಕಟ್ಟಿದವನಿಗೆ ಏನಾಗುತ್ತದೆ?

ಈ ಪ್ರಶ್ನೆ ಒಂದು ಆಸ್ಪತ್ರೆಯೊಳಗೆ ಜಗಳವಾಗಿ ಎದ್ದದ್ದು ಪ್ಯಾರಿಸ್ ಪಕ್ಕದ ಶಾರಂಟನ್ ಎಂಬಲ್ಲಿ. ಅದೊಂದು ಮಾನಸಿಕ ಆಸ್ಪತ್ರೆ. ಅಲ್ಲಿನ ನಿರ್ದೇಶಕ ಅಬ್ಬೆ ದ ಕುಲ್ಮಿಯೆ ಎಂಬ ಪಾದ್ರಿಗೆ, ರೋಗಿಗಳನ್ನು ಸಂಗೀತ ನಾಟಕಗಳಲ್ಲಿ ತೊಡಗಿಸಿದರೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ನಾಟಕ ಆಡಿಸಲು ಅವನಿಗೆ ಸಿಕ್ಕವನು 1803ರಿಂದ ಅಲ್ಲೇ ಬಂಧನದಲ್ಲಿದ್ದ ಕುಖ್ಯಾತ ಲೇಖಕ ಮಾರ್ಕಿ ದ ಸಾದ್. ಪ್ಯಾರಿಸ್ಸಿನ ದೊಡ್ಡ ಮನುಷ್ಯರು ಗಾಡಿ ಕಟ್ಟಿಕೊಂಡು ಈ ನಾಟಕ ನೋಡಲು ಬರುತ್ತಿದ್ದರು. ಆಸ್ಪತ್ರೆಯ ಮುಖ್ಯ ವೈದ್ಯ ರೊಯೆ-ಕೊಲ್ಲಾರ್‌ಗೆ ಇದು ಸರಿ ಕಾಣಲಿಲ್ಲ, 1808ರಲ್ಲಿ ಸರ್ಕಾರಕ್ಕೆ ದೂರು ಬರೆದ. 1813ರಲ್ಲಿ ನಾಟಕಗಳು ನಿಂತವು. ಮುಂದೆ ಎಸ್ಕಿರೋಲ್ ಎಂಬ ಹೆಸರಾಂತ ಮನೋವೈದ್ಯ ಇದನ್ನು ಕಟುವಾಗಿ ಟೀಕಿಸಿದ. ಊರವರು ಬಂದದ್ದು ನಾಟಕ ನೋಡಲಲ್ಲ, ಹುಚ್ಚರನ್ನು ನೋಡಲು ಅನ್ನುವುದು ಅವನ ಟೀಕೆಯ ಸಾರ. ಯೋಚಿಸಿದರೆ ಅವನ ಮಾತು ಸರಿಯೇ. ಅಲ್ಲಿ ಆಡಿದವರು ರೋಗಿಗಳಾದರೂ ನಾಟಕ ನಡೆದದ್ದು ನೋಡಲು ಬಂದವರಿಗಾಗಿ.

ಇನ್ನು ನಮ್ಮ ಕಥಾನಾಯಕ. ಹೆಸರು ಯಾಕೋಬ್ ಲೆವಿ ಮೊರೆನೊ. ತಾನು ಹುಟ್ಟಿದ್ದು 1892ರಲ್ಲಿ, ಕಪ್ಪು ಸಮುದ್ರದ ಮೇಲೆ ಸಾಗುತ್ತಿದ್ದ ಹಡಗಿನಲ್ಲಿ ಅಂತ ಹೇಳಿಕೊಳ್ಳುತ್ತಿದ್ದ. ಆಮೇಲೆ ದಾಖಲೆ ಹುಡುಕಿದವರಿಗೆ ಸಿಕ್ಕಿದ್ದು ರುಮೇನಿಯಾದ ಬುಖಾರೆಸ್ಟ್ ನಗರ, 1889ರ ಮೇ 18. ಅಂದರೆ ಸಾಹೇಬರು ತಮ್ಮ ಜನನವನ್ನೂ ಸ್ವಲ್ಪ ನಾಟಕ ಮಾಡಿಯೇ ಹೇಳುತ್ತಿದ್ದರು :-) ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದಿನ ಕೆಲವು ಘಟನೆಗಳಿಗೆ ಮುಖ್ಯ ಸಾಕ್ಷಿ ಮೊರೆನೊ ಒಬ್ಬನೇ. ಓದುವಾಗ ಚಿಟಿಕೆ ಉಪ್ಪು ಕೈಯಲ್ಲಿರಲಿ.

ಚಿಕ್ಕವನಿದ್ದಾಗಲೇ ಅವನ ಮನೆಯವರು ವಿಯೆನ್ನಾಗೆ ಬಂದರು. ಅದು ಸಿಗ್ಮಂಡ್ ಫ್ರಾಯ್ಡ್‌ನ ಊರು. ಅಲ್ಲಿ ರೋಗಿ ಮಂಚದ ಮೇಲೆ ಮಲಗಿ ಮಾತಾಡುತ್ತಾನೆ, ವೈದ್ಯ ತಲೆಯ ಹಿಂದೆ ಕೂತು ಕೇಳುತ್ತಾನೆ. ವೈದ್ಯಕೀಯ ಓದುತ್ತಿದ್ದ ಮೊರೆನೊ ಹೋಗುತ್ತಿದ್ದದ್ದು ಔಗಾರ್ಟನ್ ಎಂಬ ಪಾರ್ಕಿಗೆ. ಮಕ್ಕಳನ್ನು ಗುಂಪು ಕೂಡಿಸಿ ಕಥೆ ಹೇಳುವುದು, ಅವರಿಂದಲೇ ಕಥೆ ಆಡಿಸುವುದು. 1913ರ ಹೊತ್ತಿಗೆ ಸ್ಪಿಟ್ಟೆಲ್‌ಬರ್ಗ್ ಎಂಬ ಕೇರಿಯ ಲೈಂಗಿಕ ಕಾರ್ಯಕರ್ತೆಯರನ್ನು ಸಣ್ಣ ಸಣ್ಣ ಗುಂಪಾಗಿ ಕೂರಿಸಿ ಮಾತಾಡಿಸಲು ಶುರು ಮಾಡಿದ. ಮೊದಮೊದಲು ಪೊಲೀಸು, ರೋಗ, ಆಸ್ಪತ್ರೆ ಅಂತ ಮಾತಾಡುತ್ತಿದ್ದ ಹೆಂಗಸರು ನಿಧಾನಕ್ಕೆ ಒಬ್ಬರಿಗೊಬ್ಬರು ಧೈರ್ಯ ಹೇಳತೊಡಗಿದರು. ಒಬ್ಬ ರೋಗಿಗೆ ಇನ್ನೊಬ್ಬ ರೋಗಿಯೇ ವೈದ್ಯನಾಗಬಹುದು ಅಂತ ತನಗೆ ಹೊಳೆದದ್ದು ಅಲ್ಲಿ ಅಂತ ಅವನು ಬರೆದಿದ್ದಾನೆ. 1917ರಲ್ಲಿ ಡಾಕ್ಟರಾದ.

ಈಗ ಕುರ್ಚಿಯ ವಿಷಯಕ್ಕೆ ಬರೋಣ. 1921ರ ಏಪ್ರಿಲ್ 1, ಅಂದರೆ ಮೂರ್ಖರ ದಿನ. ವಿಯೆನ್ನಾದ ಕೊಮೇಡಿಯನ್‌ಹೌಸ್ ಎಂಬ ರಂಗಮಂದಿರ. ಪರದೆ ಸರಿದಾಗ ವೇದಿಕೆಯಲ್ಲಿ ನಟರಿಲ್ಲ. ಕೆಂಪು ಬಟ್ಟೆಯ ಒಂದು ಸಿಂಹಾಸನ, ಅದರ ಮೇಲೊಂದು ಕಿರೀಟ. ಪಕ್ಕದಲ್ಲಿ ವಿದೂಷಕನ ವೇಷದಲ್ಲಿ ಮೊರೆನೊ ಒಬ್ಬನೇ. ಮೊದಲ ಮಹಾಯುದ್ಧ ಸೋತು 1918ರಲ್ಲಿ ಚಕ್ರವರ್ತಿ ಅಧಿಕಾರ ಬಿಟ್ಟ ಮೇಲೆ ಆಸ್ಟ್ರಿಯಾದಲ್ಲಿ ಭದ್ರ ಸರ್ಕಾರವೇ ಇರಲಿಲ್ಲ. “ದೇಶಕ್ಕೆ ನಾಯಕ ಬೇಕಾಗಿದ್ದಾನೆ, ಯಾರು ಬೇಕಾದರೂ ಬಂದು ಕೂತು ಹೇಗೆ ಆಳುತ್ತೀರಿ ಅಂತ ತೋರಿಸಿ” ಅಂತ ಪ್ರೇಕ್ಷಕರನ್ನೇ ಕರೆದ. ಕೆಲವರು ಬಂದರು, ಕೂತರು, ಇಳಿದರು. ಪ್ರೇಕ್ಷಕರಿಗೆ ಒಬ್ಬ ರಾಜನೂ ಒಪ್ಪಿಗೆಯಾಗಲಿಲ್ಲ. ಕಾರ್ಯಕ್ರಮ ನೆಲಕಚ್ಚಿತು, ಎಷ್ಟೋ ಸ್ನೇಹಿತರೂ ದೂರವಾದರು. ಆದರೆ ಸೈಕೋಡ್ರಾಮಾ ಹುಟ್ಟಿದ್ದು ಆ ಸಂಜೆಯೇ ಅಂತ ಮೊರೆನೊ ಮುಂದೆ ಹೇಳಿಕೊಂಡ.

ಹಟ ಬಿಡಲಿಲ್ಲ. ಮೈಸೆಡರ್‌ಗಾಸೆ ಎಂಬ ಬೀದಿಯಲ್ಲಿ ‘ಶ್ಟೆಗ್ರೈಫ್ ಥಿಯೇಟರ್’ ಶುರು ಮಾಡಿದ. ಶ್ಟೆಗ್ರೈಫ್ ಅಂದರೆ ಕುದುರೆ ಹತ್ತಲು ಕಾಲಿಡುವ ಕೊಂಡಿ. ಕುದುರೆಯಿಂದ ಇಳಿಯದೆ ಅಲ್ಲಿಂದಲೇ ಮಾತಾಡಿ ಮುಗಿಸುವುದು ಅಂತ ಜರ್ಮನ್ ನುಡಿಗಟ್ಟು. ನಾವು ‘ನಿಂತ ಕಾಲಲ್ಲೇ’ ಅಂತೀವಲ್ಲ, ಅದು. ಬರೆದ ಸಂಭಾಷಣೆ ಇಲ್ಲ, ರಿಹರ್ಸಲ್ ಇಲ್ಲ. ಅವತ್ತಿನ ಪೇಪರಿನ ಸುದ್ದಿಯನ್ನೇ ಅವತ್ತು ಆಡುವುದು. ಮಲೆನಾಡು, ಕರಾವಳಿ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ತಾಳಮದ್ದಳೆಯಲ್ಲಿ ಪದ್ಯ ಮಾತ್ರ ಗೊತ್ತಿರುತ್ತದೆ, ಅರ್ಥಧಾರಿ ಎದುರಿನವನ ಮಾತಿಗೆ ಅಲ್ಲೇ ಮಾತು ಹುಟ್ಟಿಸಬೇಕು. ಹೆಚ್ಚು ಕಡಿಮೆ ಹಾಗೆ.

ಈ ತಂಡದಲ್ಲಿ ಒಬ್ಬ ನಟಿ ಇದ್ದಳು. ಮೊರೆನೊ ಅವಳನ್ನು ಬಾರ್ಬರಾ ಎಂಬ ಹೆಸರಿನಿಂದ ಕರೆದಿದ್ದಾನೆ. ಯಾವಾಗಲೂ ಸೌಮ್ಯ, ಮುಗ್ಧ ಪಾತ್ರಗಳು. ಮೊದಲ ಸಾಲಿನಲ್ಲಿ ಕೂತು ನೋಡುತ್ತಿದ್ದ ಜಾರ್ಜ್ ಎಂಬ ಕವಿ ಆ ಮುಗ್ಧತೆಗೆ ಮರುಳಾಗಿ ಮದುವೆಯಾದ. ಸ್ವಲ್ಪ ದಿನಕ್ಕೆ ಓಡಿ ಬಂದು ಗೋಳು ತೋಡಿಕೊಂಡ: ವೇದಿಕೆ ಮೇಲೆ ದೇವತೆಯಂತಿರುವವಳು ಮನೆಯಲ್ಲಿ ಕೂಗಾಡುತ್ತಾಳೆ, ಹೊಡೆಯುತ್ತಾಳೆ. ಮೊರೆನೊ ಅವಳಿಗೆ ಉಪದೇಶ ಮಾಡಲಿಲ್ಲ. ಆ ಸಂಜೆ ವೇಶ್ಯೆಯೊಬ್ಬಳ ಕೊಲೆಯ ಸುದ್ದಿ ಬಂದಿತ್ತು. ಆ ಪಾತ್ರವನ್ನು ಅವಳಿಗೆ ಕೊಟ್ಟ. ಅವಳು ಅದೆಷ್ಟು ರೋಷದಿಂದ ಆಡಿದಳೆಂದರೆ ಪ್ರೇಕ್ಷಕರು ‘ನಿಲ್ಲಿಸಿ’ ಅಂತ ಎದ್ದು ನಿಂತರಂತೆ. ಅಂಥ ಪಾತ್ರಗಳು ಮುಂದುವರೆದವು. ಮನೆಯಲ್ಲಿ ಸಿಟ್ಟು ಬರುವುದು ನಿಲ್ಲಲಿಲ್ಲ, ಆದರೆ ಮಧ್ಯದಲ್ಲೇ ತಾನು ಆಡಿದ ದೃಶ್ಯ ನೆನಪಾಗಿ ಅವಳಿಗೇ ನಗು ಬರತೊಡಗಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಇದೂ ಅರಿಸ್ಟಾಟಲ್‌ನ ವಿರೇಚನವೇ ಆಗುತ್ತಿತ್ತು, ಒಳಗಿದ್ದದ್ದು ಹೊರಗೆ ಹೋಯಿತು, ಹಗುರಾಯಿತು ಅಂತ. ಆದರೆ ಮೊರೆನೊ ಮುಂದಿನ ಹೆಜ್ಜೆ ಇಟ್ಟ. ಗಂಡ ಹೆಂಡತಿ ಇಬ್ಬರನ್ನೂ ವೇದಿಕೆಗೆ ಹತ್ತಿಸಿ ಅವರ ಮನೆಯ ದೃಶ್ಯಗಳನ್ನೇ ಆಡಿಸಿದ. ಅವರ ಬಾಲ್ಯ, ಅವರ ಕನಸುಗಳು ಕೂಡ ಬಂದವು. ಇಬ್ಬರಿಗೂ ತಮ್ಮ ಜಗಳವನ್ನು ಹೊರಗಿನಿಂದ ನೋಡುವ ಅವಕಾಶ ಸಿಕ್ಕಿತು. ಉಳಿದ ನಾಟಕಗಳಿಗಿಂತ ಇದೇ ಮನಸ್ಸಿಗೆ ತಟ್ಟಿತು ಅಂತ ಪ್ರೇಕ್ಷಕರೂ ಬಂದು ಹೇಳಿದರಂತೆ. ನನ್ನ ಪ್ರಕಾರ ದಿಕ್ಕು ಬದಲಾದದ್ದು ಇಲ್ಲಿ. ನಾಟಕ ಈಗ ಆಡುವವನಿಗಾಗಿ ನಡೆಯುತ್ತಿತ್ತು.

1925ರಲ್ಲಿ ಮೊರೆನೊ ಅಮೆರಿಕಕ್ಕೆ ಹೋದ. ಹೋದದ್ದು ಯಾವ ನೆಪದಲ್ಲಿ ಗೊತ್ತೇ? ಉಕ್ಕಿನ ತಟ್ಟೆಯ ಮೇಲೆ ಧ್ವನಿ ಮುದ್ರಿಸುವ ಯಂತ್ರವೊಂದನ್ನು ಇಟ್ಟುಕೊಂಡು! ಯಂತ್ರದಿಂದ ದುಡ್ಡಾಗಲಿಲ್ಲ, ಅವನು ಮಾತ್ರ ಅಲ್ಲೇ ಉಳಿದ. ಸಿಂಗ್ ಸಿಂಗ್ ಜೈಲಿನ ಕೈದಿಗಳನ್ನು ಅಧ್ಯಯನ ಮಾಡಿದ. 1932ರಲ್ಲಿ ಅಮೆರಿಕದ ಮನೋವೈದ್ಯರ ಸಮ್ಮೇಳನದಲ್ಲಿ ‘ಗುಂಪು ಚಿಕಿತ್ಸೆ’ ಎಂಬ ಮಾತನ್ನು ಮುಂದಿಟ್ಟ. ಅದೇ ವರ್ಷ ಹಡ್ಸನ್ ಎಂಬಲ್ಲಿನ ಹೆಣ್ಣುಮಕ್ಕಳ ಸುಧಾರಣಾ ಶಾಲೆಯಿಂದ ಎರಡು ವಾರದಲ್ಲಿ 14 ಹುಡುಗಿಯರು ಓಡಿಹೋದರು. ಯಾರಿಗೆ ಯಾರು ಇಷ್ಟ, ಯಾರ ಜೊತೆ ಇರಲು ಯಾರಿಗೆ ಮನಸ್ಸು ಅಂತ ಕೇಳಿ, ಮೊರೆನೊ ಮತ್ತು ಹೆಲೆನ್ ಹಾಲ್ ಜೆನ್ನಿಂಗ್ಸ್ ಚುಕ್ಕಿ ಮತ್ತು ಗೆರೆಗಳಲ್ಲಿ ನಕ್ಷೆ ಬರೆದರು. ಓಡಿಹೋದವರು ಒಂದೇ ಸ್ನೇಹದ ಸರಪಳಿಯಲ್ಲಿದ್ದದ್ದು ಅಲ್ಲಿ ಕಾಣಿಸಿತು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕಾಲೇಜಿನಲ್ಲಿ ಗ್ರಾಫ್ ಥಿಯರಿ ಕಲಿತವರಿಗೆ, ಫೇಸ್‌ಬುಕ್ಕಿನ ‘ನಿಮಗೆ ಪರಿಚಯವಿರಬಹುದು’ ಎಂಬ ಪಟ್ಟಿ ನೋಡಿದವರಿಗೆ ಇದು ಹೊಸದಲ್ಲ. ಆದರೆ ಅದರ ಬೇರುಗಳಲ್ಲೊಂದು ಈ ನಾಟಕದ ಡಾಕ್ಟರ ಬಳಿ ಇದೆ ಅಂತ ನಮ್ಮ ಸಿಲಬಸ್ಸಿನಲ್ಲಿ ಯಾರೂ ಹೇಳಿರಲಿಲ್ಲ!

1936ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್ ಎಂಬ ಊರಿನಲ್ಲಿ ಸ್ವಂತ ಆಸ್ಪತ್ರೆ ತೆರೆದು, ಅದರೊಳಗೇ ರಂಗಮಂದಿರ ಕಟ್ಟಿಸಿದ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಮೂರು ಸುತ್ತಿನ ದುಂಡು ವೇದಿಕೆ, ಮೇಲೊಂದು ಬಾಲ್ಕನಿ. 1941ರಲ್ಲಿ ಜೆರ್ಕಾ ಎಂಬ ಯುವತಿ ಮಾನಸಿಕ ಅಸ್ವಸ್ಥಳಾಗಿದ್ದ ತನ್ನ ಅಕ್ಕನನ್ನು ಅಲ್ಲಿಗೆ ಕರೆತಂದಳು. ಅಕ್ಕನ ಚಿಕಿತ್ಸೆಗೆ ಬಂದವಳು ಮೊರೆನೊನ ಸಹೋದ್ಯೋಗಿಯಾದಳು, 1949ರಲ್ಲಿ ಹೆಂಡತಿಯಾದಳು. ಇವತ್ತು ಸೈಕೋಡ್ರಾಮಾ ಒಂದು ಶಿಸ್ತಾಗಿ ಉಳಿದಿದ್ದರೆ ಅದರಲ್ಲಿ ಈಕೆಯ ಪಾಲು ದೊಡ್ಡದು. ಮೊರೆನೊ 1974ರಲ್ಲಿ ತೀರಿಕೊಂಡ ಮೇಲೂ ದಶಕಗಳ ಕಾಲ ದೇಶ ದೇಶ ಸುತ್ತಿ ಕಲಿಸಿದಳು. 2016ರಲ್ಲಿ ತೀರಿಕೊಂಡಾಗ 99 ವರ್ಷ.

ಅವರಿಬ್ಬರು ರೂಪಿಸಿದ ಕ್ರಮ ಹೀಗಿದೆ. ಮೊದಲು ಮೈಮನ ಸಡಿಲಿಸುವ ಆಟಗಳು. ಆಮೇಲೆ ಒಬ್ಬ ತನ್ನ ಬದುಕಿನ ಒಂದು ದೃಶ್ಯವನ್ನು ವೇದಿಕೆಗೆ ತರುತ್ತಾನೆ. ಅಪ್ಪ, ಅಮ್ಮ, ಗಂಡ, ಬಾಸ್ ಪಾತ್ರಗಳನ್ನು ಗುಂಪಿನಲ್ಲಿರುವವರೇ ವಹಿಸುತ್ತಾರೆ. ಹಿಂದೆ ನಿಂತು, ಅವನು ಹೇಳಲಾರದ ಮಾತನ್ನು ಅವನ ಪರವಾಗಿ ಹೇಳುವವರು ಒಬ್ಬರು. ತನ್ನ ದೃಶ್ಯವನ್ನು ಬೇರೆಯವರು ಆಡುವುದನ್ನು ದೂರ ನಿಂತು ನೋಡುವ ‘ಕನ್ನಡಿ’ ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು ಪಾತ್ರ ಬದಲು. ಅಪ್ಪನ ಜೊತೆ ವಾದ ಮಾಡುತ್ತಿದ್ದವನು ಎದ್ದು ಹೋಗಿ ಅಪ್ಪನ ಜಾಗದಲ್ಲಿ ಕೂತು, ಅಪ್ಪನಾಗಿ ಉತ್ತರ ಕೊಡಬೇಕು. ನಮ್ಮ ಪುರಾಣಗಳ ಪರಕಾಯ ಪ್ರವೇಶದ ಹಾಗೆ, ಆದರೆ ಮಂತ್ರ ತಂತ್ರ ಇಲ್ಲದೆ. ಎದುರಿನ ವ್ಯಕ್ತಿ ಬರಲಾಗದಿದ್ದರೆ, ಬದುಕಿಯೇ ಇಲ್ಲದಿದ್ದರೆ, ಒಂದು ಖಾಲಿ ಕುರ್ಚಿ ಸಾಕು. ಈ ಖಾಲಿ ಕುರ್ಚಿಯನ್ನು ಮುಂದೆ ಹೆಚ್ಚು ಪ್ರಸಿದ್ಧ ಮಾಡಿದವನು ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಸ್ ಪರ್ಲ್ಸ್. ಅವನ ಮೇಲೂ ಮೊರೆನೊ ಪ್ರಭಾವವಿತ್ತು.

ಇನ್ನು ನನಗೆ ಹುಚ್ಚು ಹತ್ತಿದ ಕಾರಣ.

2021ರ ಮೇ ತಿಂಗಳು, ಕೊರೋನಾದ ಎರಡನೇ ಅಲೆ. ಸಾಗರದ ಹತ್ತಿರದ ಹಳ್ಳಿಯಿಂದ ನನ್ನ ಅಜ್ಜನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಎಂಟು ದಿನ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಒಂಬತ್ತನೇ ದಿನ ಎಲ್ಲ ಮುಗಿದಿತ್ತು. ನಾನು ಬೆಂಗಳೂರಿನ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ. ಆಮೇಲೆ ಅಜ್ಜನ ನೆನಪು ಬಂದಾಗಲೆಲ್ಲ ನನಗೆ ಕಾಣುತ್ತಿದ್ದದ್ದು ನಾನು ನೋಡಿಯೇ ಇಲ್ಲದ ಆ ವಾರ್ಡು. ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ, ನಿಮಗೂ ಗೊತ್ತು.

ಎರಡು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬಳು ಒಂದು ಶನಿವಾರದ ಶಿಬಿರಕ್ಕೆ ಕರೆದುಕೊಂಡು ಹೋದಳು. ಒಂದು ಶಾಲೆಯ ಹಾಲು, ಹತ್ತು ಹನ್ನೆರಡು ಜನ. ನಡೆಸಿಕೊಟ್ಟವರು ಈ ವಿದ್ಯೆಯಲ್ಲಿ ತರಬೇತಿ ಪಡೆದ ಆಪ್ತಸಲಹೆಗಾರರು. ನನ್ನ ಸರದಿ ಬಂದಾಗ ಎದುರಿಗೊಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು “ಯಾರನ್ನು ಕೂರಿಸ್ತೀರಿ?” ಅಂದರು. ಅಜ್ಜನನ್ನು ಅಂದೆ. ಏನಾದರೂ ಕೇಳಿ ಅಂದರು. “ಆ ಎಂಟು ದಿನ ಹೇಗಿತ್ತು ಅಜ್ಜ?” ಅಂದೆ. “ಈಗ ನೀವು ಆ ಕುರ್ಚಿಗೆ ಹೋಗಿ” ಅಂದರು.

ಹೋಗಿ ಕೂತೆ. ಅವರು ಆ ಪ್ರಶ್ನೆಗೇ ಬರಲಿಲ್ಲ. ವಯಸ್ಸೆಷ್ಟು ಕೇಳಿದರು. ಎಂಬತ್ತೊಂದು. ಬೆಳಿಗ್ಗೆ ಎದ್ದು ಏನು ಮಾಡ್ತೀರಿ ಕೇಳಿದರು. ತೋಟಕ್ಕೆ ಹೋಗ್ತಿ ಅಂದೆ. ನನ್ನ ಬೆನ್ನು ತಾನಾಗಿ ಬಾಗಿತ್ತು, ಎಡಗೈ ಪಕ್ಕದಲ್ಲಿ ಕವಳದ ಸಂಚಿ ಹುಡುಕುತ್ತಿತ್ತು. ಕೊನೆಗೆ “ನಿಮ್ಮ ಮೊಮ್ಮಗ ಏನೋ ಕೇಳ್ತಿದ್ದಾನೆ, ಏನು ಹೇಳ್ತೀರಿ?” ಅಂದರು. ನಾನು ಯೋಚಿಸಿಟ್ಟ ಉತ್ತರ ಯಾವುದೂ ಬರಲಿಲ್ಲ. ಬಾಯಿಂದ ಬಂದದ್ದು “ಊಟ ಆತನಾ ಮಾಣಿ?”

ದಿನಾ ಸಂಜೆ ಫೋನಿನಲ್ಲಿ ಅಜ್ಜ ಮೊದಲು ಕೇಳುತ್ತಿದ್ದ ಮಾತು ಅದು. ದೆವ್ವವೂ ಬಂದಿರಲಿಲ್ಲ, ಪವಾಡವೂ ನಡೆಯಲಿಲ್ಲ. ಆ ಮಾತು ನನ್ನ ನೆನಪಿನಲ್ಲೇ ಇತ್ತು. ಆದರೆ ನನ್ನ ಕುರ್ಚಿಯಲ್ಲಿ ಕೂತಿರುವವರೆಗೆ ಅದು ಸಿಕ್ಕಿರಲಿಲ್ಲ. ಅಲ್ಲಿಂದ ಕಾಣುತ್ತಿದ್ದದ್ದು ಎಂಟು ದಿನ ಮಾತ್ರ. ಅಜ್ಜನ ಕುರ್ಚಿಯಲ್ಲಿ ಕೂತಾಗ ಅದರ ಹಿಂದಿನ ಎಂಬತ್ತೊಂದು ವರ್ಷ ಕಾಣಿಸಿತು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಮಾತಾಡಿದರು. ಇಲ್ಲಿ ಯಾರೂ ಸಲಹೆ ಕೊಡುವಂತಿಲ್ಲ, ವಿಮರ್ಶೆ ಮಾಡುವಂತಿಲ್ಲ, ತಮ್ಮ ಬದುಕಿನಲ್ಲಿ ಇದನ್ನು ಹೋಲುವುದು ಏನಿತ್ತು ಅಂತ ಮಾತ್ರ ಹೇಳಬೇಕು. ಇದೂ ಮೊರೆನೊ ಕಾಲದ ನಿಯಮವೇ. ಅವರು ಹೇಳಿದ್ದು ಅಲ್ಲೇ ಉಳಿಯಬೇಕೆಂಬುದು ಒಪ್ಪಂದ, ಹಾಗಾಗಿ ಬರೆಯುವುದಿಲ್ಲ.

ಅವತ್ತಿಂದ ನನಗೊಂದು ವಿಷಯ ಖಚಿತವಾಗಿದೆ. ‘ಅತ್ತುಬಿಡು, ಹಗುರಾಗುತ್ತೆ’, ‘ಸಿಟ್ಟು ಹೊರಗೆ ಹಾಕು’ ಅಂತೀವಲ್ಲ, ನಾಟಕದ ಗುಟ್ಟು ಅದಷ್ಟರಲ್ಲೇ ಇಲ್ಲ. ಅಮೆರಿಕದ ಬ್ರ್ಯಾಡ್ ಬುಷ್‌ಮನ್ ಎಂಬ ಸಂಶೋಧಕ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನು ನೆನೆಸಿಕೊಂಡು ಚೀಲಕ್ಕೆ ಗುದ್ದಿದ ಕಾಲೇಜು ವಿದ್ಯಾರ್ಥಿಗಳ ಸಿಟ್ಟು ಇಳಿಯುವ ಬದಲು ಏರಿತ್ತು. ಗುದ್ದುವಾಗ ನಾವು ನಮ್ಮ ಜಾಗದಲ್ಲೇ ಇರುತ್ತೇವೆ. ಮೊರೆನೊ ಜಾಗ ಬದಲಿಸಿದ, ಬದಲಿಸಿದ ಮೇಲೆ ಜೊತೆಗೆ ಕೂರಲು ಒಂದು ಗುಂಪನ್ನೂ ಕೊಟ್ಟ.

ಈ ದಾರಿ ಮುಂದೆ ಕವಲೊಡೆಯಿತು. ಇಂಗ್ಲೆಂಡಿನಲ್ಲಿ ಮಕ್ಕಳ ಆಟದಿಂದ ಶುರು ಮಾಡಿದ ಪೀಟರ್ ಸ್ಲೇಡ್, ನಂತರ ಸ್ಯೂ ಜೆನ್ನಿಂಗ್ಸ್ ಮುಂತಾದವರಿಂದ ‘ಡ್ರಾಮಾ ಥೆರಪಿ’ ಬೆಳೆಯಿತು. 1970ರ ದಶಕದಲ್ಲಿ ಅಲ್ಲಿ, 1979ರಲ್ಲಿ ಅಮೆರಿಕದಲ್ಲಿ ಅದಕ್ಕೆ ವೃತ್ತಿಸಂಘಗಳು ಹುಟ್ಟಿದವು. ಸೈಕೋಡ್ರಾಮಾದಲ್ಲಿ ನಿಮ್ಮ ಕಥೆಯನ್ನೇ ನೇರ ಆಡುತ್ತೀರಿ. ಡ್ರಾಮಾ ಥೆರಪಿಯಲ್ಲಿ ಹೆಚ್ಚಾಗಿ ಮುಖವಾಡ, ಗೊಂಬೆ, ಜನಪದ ಕಥೆಗಳ ಮರೆ ಇರುತ್ತದೆ. ಗಾಯ ಇನ್ನೂ ಹಸಿಯಾಗಿದ್ದಾಗ ಆ ಅಂತರ ಬೇಕು. ಬೀಕನ್ನಿನಲ್ಲಿ ಕಲಿತ ಜೊನಾಥನ್ ಫಾಕ್ಸ್ ಮತ್ತು ಜೋ ಸಾಲಸ್ 1975ರಲ್ಲಿ ಶುರು ಮಾಡಿದ ಪ್ಲೇಬ್ಯಾಕ್ ಥಿಯೇಟರ್‌ನಲ್ಲಿ ನೀವು ಕಥೆ ಹೇಳಿ ಕೂತರೆ ಸಾಕು, ನಟರು ಅಲ್ಲೇ ಆಡಿ ತೋರಿಸುತ್ತಾರೆ. ಅದು ಬೆಂಗಳೂರಿಗೂ ಬಂದಿದೆ.

ನಮ್ಮಲ್ಲಿ ಚಿಕಿತ್ಸೆ ಎಂಬ ಹೆಸರಿಲ್ಲದೆ ನಡೆದದ್ದೂ ಇದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು ತೊಂಬತ್ತರ ದಶಕದ ಕೊನೆಯಿಂದ ಕರ್ನಾಟಕದ ಜೈಲುಗಳ ಕೈದಿಗಳಿಂದ ನಾಟಕ ಆಡಿಸಿದರು. ಅದರಲ್ಲೊಂದು ‘ಮಾರನಾಯಕ’, ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಅನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡಕ್ಕೆ ತಂದದ್ದು. ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಕಥೆ. ಅದನ್ನು ಜೈಲಿನಲ್ಲಿರುವವನು ಬಣ್ಣ ಹಚ್ಚಿ ಆಡುವಾಗ ಅವನೊಳಗೆ ಏನು ನಡೆಯಬಹುದು ಅಂತ ಸುಮ್ಮನೆ ಯೋಚಿಸಿ ನೋಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಇದನ್ನು ಓದಿ ಯಾರೂ ವೀಕೆಂಡು ಪಾರ್ಟಿಯಲ್ಲಿ ಖಾಲಿ ಕುರ್ಚಿ ಇಟ್ಟು ಸ್ನೇಹಿತರನ್ನು ಅಳಿಸಲು ಹೋಗಬೇಡಿ. ತೆರೆಯುವುದು ಸುಲಭ, ಮುಚ್ಚಿ ಮನೆಗೆ ಕಳಿಸಲು ಕಲಿತವರು ಬೇಕು. ಮನಸ್ಸು ತೀರಾ ಕುಗ್ಗಿದ್ದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿ. ದುಡ್ಡಿಲ್ಲ, ಯಾರನ್ನು ಕೇಳಬೇಕು ಗೊತ್ತಿಲ್ಲ ಅನ್ನುವವರಿಗೆ ಸರ್ಕಾರದ ಟೆಲಿ-ಮಾನಸ್ 2022ರಿಂದ ಇದೆ, 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಮೊರೆನೊನ ಚಿತಾಭಸ್ಮವನ್ನು 1993ರಲ್ಲಿ ವಿಯೆನ್ನಾಗೆ ತಂದು ಇಟ್ಟರು. ಮನೋವೈದ್ಯಕ್ಕೆ ನಗುವನ್ನು ತಂದವನು ಎಂಬ ಅರ್ಥದ ಸಾಲು ಅಲ್ಲಿದೆ. ಹಾಗೆ ಬರೆಸಬೇಕೆಂಬುದು ಅವನದೇ ಆಸೆಯಾಗಿತ್ತು. 1921ರಲ್ಲಿ ಆ ಊರಿನಲ್ಲೇ ಅವನಿಟ್ಟ ಸಿಂಹಾಸನಕ್ಕೆ ಯೋಗ್ಯ ರಾಜ ಸಿಗಲಿಲ್ಲ. ಆ ಕುರ್ಚಿಯೇ ಅಲ್ಲಿಂದ ಹೊರಟು, ಕಿರೀಟ ಕಳಚಿಟ್ಟು, ಊರೂರಿನ ಹಾಲುಗಳಲ್ಲಿ ಪ್ಲಾಸ್ಟಿಕ್ ಕುರ್ಚಿಯಾಗಿ ಕೂತಿದೆ. ಈಗ ಅದರಲ್ಲಿ ಯಾರದೋ ಅಮ್ಮ, ಯಾರದೋ ಅಪ್ಪ, ಯಾರದೋ ತೀರಿಹೋದ ಗೆಳೆಯ ಬಂದು ಕೂರುತ್ತಾರೆ. ಬಂದು ಹೆಚ್ಚಾಗಿ ಸಣ್ಣ ಮಾತನ್ನೇ ಆಡುತ್ತಾರೆ.